ಬ್ರಹ್ಮಪುರಿಯ ಕಂಚಿನ ಹೂಜಿ: ಹಳೆಯ ಮದ್ಯವನ್ನು ತಿಳಿಯಾಗಿ ಬಸಿಯುವ ಕಲೆಯ ಚರಿತ್ರೆ

ಕೊಲ್ಹಾಪುರದ ಪಶ್ಚಿಮ ಅಂಚಿನಲ್ಲಿ, ಪಂಚಗಂಗಾ ನದಿಯ ದಂಡೆಯ ಮೇಲೆ ಬ್ರಹ್ಮಪುರಿ ಎಂಬ ಹಳೆಯ ದಿಬ್ಬವಿದೆ. 1944-45ರಲ್ಲಿ ಈ ದಿಬ್ಬದಲ್ಲಿ ಕಂಚಿನ ವಸ್ತುಗಳ ಒಂದು ದೊಡ್ಡ ನಿಧಿ ದೊರೆಯಿತು. ಅದನ್ನು ಬೆಳಕಿಗೆ ತಂದವರು ವೃತ್ತಿಯಿಂದ ಪುರಾತತ್ತ್ವಜ್ಞರಲ್ಲ. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದ, ಕೊಲ್ಹಾಪುರ ಸಂಸ್ಥಾನದ ಶಾಸನಗಳನ್ನು ಸಂಪಾದಿಸಿ 1939ರಲ್ಲಿ ಪ್ರಕಟಿಸಿದ್ದ ಪ್ರೊ. ಕೆ.ಜಿ. ಕುಂದಣಗಾರರು ಅವರು. 1961ರಲ್ಲಿ ಗದಗಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠವನ್ನು ಅಲಂಕರಿಸಿದವರೂ ಅವರೇ. ವಿದ್ವತ್ ಲೋಕದಲ್ಲಿ ಆ ನಿಧಿಗೆ ಇಂದಿಗೂ ಕುಂದಣಗಾರ ನಿಧಿ ಎಂಬ ಹೆಸರಿದೆ.

ನಿಧಿಯಲ್ಲಿ ಹೆಚ್ಚಿನವು ಈ ನೆಲದ ಕಂಚುಗಾರರ ಕೈಕೆಲಸಗಳು. ಸವಾರರನ್ನು ಹೊತ್ತ ಪುಟ್ಟ ಆನೆಯ ಶಿಲ್ಪ ಅವುಗಳಲ್ಲಿ ಪ್ರಸಿದ್ಧವಾದುದು. ಆದರೆ ಕೆಲವು ವಸ್ತುಗಳು ಬೇರೆಯ ಲೋಕದವು. ಗ್ರೀಕರ ಕಡಲ ದೇವತೆಯಾದ ಪೊಸೈಡಾನನ ಪುಟ್ಟ ಪ್ರತಿಮೆ, ಒಂದು ಕನ್ನಡಿ, ಮತ್ತು ಇಟಲಿಯ ಕಂಚುಗಾರರು ಎರಕ ಹೊಯ್ದ, ಬಾಗಿದ ಹಿಡಿಕೆಯುಳ್ಳ ಹೂಜಿ. ಪೊಸೈಡಾನನ ಪ್ರತಿಮೆ ಬಹಳ ಬೇಗ ಜಗತ್ತಿನ ಗಮನ ಸೆಳೆಯಿತು. ರೋಮಿಗೂ ದಖ್ಖನಿಗೂ ಇದ್ದ ಸಂಬಂಧದ ಮಾತು ಬಂದಾಗಲೆಲ್ಲ ಅದರ ಚಿತ್ರ ಅಚ್ಚಾಗುತ್ತದೆ. ಹೂಜಿಗೆ ಅಷ್ಟು ಮನ್ನಣೆ ದೊರೆಯಲಿಲ್ಲ. ಆದರೆ ಪ್ರತಿಮೆ ಒಂದು ನಂಬಿಕೆಯ ಕುರುಹಾದರೆ, ಹೂಜಿ ಒಂದು ನಡವಳಿಕೆಯ ಕುರುಹು. ಅತಿಥಿಗಳ ಮುಂದೆ ದ್ರಾಕ್ಷಾಮದ್ಯವನ್ನು ತಿಳಿಯಾಗಿ ಬಸಿದು ಬಡಿಸುವ ನಡವಳಿಕೆಗಾಗಿಯೇ ಹುಟ್ಟಿದ ಪಾತ್ರೆ ಅದು. ಆ ನಡವಳಿಕೆಯ ಚರಿತ್ರೆಯನ್ನು ಅರಿತರೆ ಹೂಜಿಯೂ ಮಾತನಾಡತೊಡಗುತ್ತದೆ.

ಕ್ರಿಸ್ತಶಕದ ಆರಂಭ ಕಾಲದ ರೋಮಿನಲ್ಲಿ ಮದ್ಯವನ್ನು ಗಾಜಿನ ಸೀಸೆಗಳಲ್ಲಿ ಕೂಡಿಡುತ್ತಿರಲಿಲ್ಲ. ಎರಡು ಹಿಡಿಕೆಗಳ, ಚೂಪು ತಳದ ಮಣ್ಣಿನ ಕೊಡಗಳಲ್ಲಿ ಅದನ್ನು ತುಂಬಿಡುತ್ತಿದ್ದರು. ಆಂಫೊರಾ ಎಂದು ಹೆಸರಾದ ಈ ಕೊಡವೇ ಒಂದು ಅಳತೆಯೂ ಆಗಿತ್ತು; ಅದು ಸುಮಾರು 26 ಲೀಟರಿಗೆ ಸಮ. ಮದ್ಯ ಒಸರದಂತೆ ಕೊಡದ ಒಳಮೈಗೆ ರಾಳವನ್ನು ಸವರಿ, ಬಾಯಿಗೆ ಬಿರಡೆ ಜಡಿದು, ಮೇಲೆ ಗಾರೆ ಮೆತ್ತಿ ಮುದ್ರೆ ಒತ್ತುತ್ತಿದ್ದರು. ಮದ್ಯದ ಊರನ್ನೂ ಆ ವರ್ಷ ಅಧಿಕಾರದಲ್ಲಿದ್ದ ಕಾನ್ಸುಲನ ಹೆಸರನ್ನೂ ಕೊಡದ ಕೊರಳಿನ ಮೇಲೆ ಬಣ್ಣದಲ್ಲಿ ಬರೆಯುವ ವಾಡಿಕೆಯಿತ್ತು. ನಮ್ಮ ಶಾಸನಗಳು ಶಕವರ್ಷವನ್ನೂ ಆಳುವ ಅರಸನನ್ನೂ ಹೆಸರಿಸಿ ಕಾಲವನ್ನು ಕಟ್ಟುವಂತೆ, ರೋಮನರ ಮದ್ಯದ ಕೊಡವೂ ತನ್ನ ಕಾಲವನ್ನು ತಾನೇ ಹೇಳುತ್ತಿತ್ತು. ಲೂಸಿಯಸ್ ಒಪಿಮಿಯಸ್ ಕಾನ್ಸುಲನಾಗಿದ್ದ ಕ್ರಿ.ಪೂ. 121ರ ದ್ರಾಕ್ಷಿ ಬೆಳೆ ಎಷ್ಟು ಹೆಸರುವಾಸಿಯಾಯಿತೆಂದರೆ, ಆ ವರ್ಷದ ಮದ್ಯಕ್ಕೆ ಒಪಿಮಿಯನ್ ಎಂಬ ಹೆಸರೇ ನಿಂತಿತು. ಕವಿ ಹೊರೇಸನು ತಾನು ಹುಟ್ಟಿದ ವರ್ಷದ ಮದ್ಯದ ಕೊಡವನ್ನೇ ಸಂಬೋಧಿಸಿ ಒಂದು ಕವಿತೆಯನ್ನು ರಚಿಸಿದ್ದಾನೆ.

ಹಳೆಯ ಮದ್ಯಕ್ಕೆ ಬೆಲೆ ಹೆಚ್ಚು. ಅದರಲ್ಲಿ ಗಸಿಯೂ ಹೆಚ್ಚು. ಒಪಿಮಿಯನ್ ಮದ್ಯ ಸುಮಾರು ಇನ್ನೂರು ವರ್ಷ ಕಳೆದ ಮೇಲೂ ಉಳಿದಿತ್ತು, ಆದರೆ ಅದು ಒರಟು ಜೇನಿನಂತೆ ಗಟ್ಟಿಯಾಗಿತ್ತು ಎಂದು ಪ್ಲಿನಿ ತನ್ನ ನಿಸರ್ಗ ಚರಿತ್ರೆಯಲ್ಲಿ ತಿಳಿಸುತ್ತಾನೆ. ಅದನ್ನು ಹಾಗೆಯೇ ಕುಡಿಯುವಂತಿರಲಿಲ್ಲ. ಬೇರೆ ಮದ್ಯಗಳಿಗೆ ಹದ ಕೊಡಲು ಸ್ವಲ್ಪ ಸ್ವಲ್ಪವಾಗಿ ಬೆರೆಸುತ್ತಿದ್ದರು. ಆದುದರಿಂದ ಕೊಡ ಒಡೆಯುವುದೂ ಬಡಿಸುವುದೂ ಎರಡು ಬೇರೆ ಕೆಲಸಗಳಾಗಿದ್ದವು. ಮೊದಲು ಗಾರೆಯ ಮುದ್ರೆಯನ್ನು ಒಡೆದು ಚೂರು ಒಳಗೆ ಬೀಳದಂತೆ ಬಿರಡೆ ಕೀಳಬೇಕು. ಬಳಿಕ ಕೊಡವನ್ನು ಅಲುಗಿಸದೆ ಬಗ್ಗಿಸಿ, ಕಂಚಿನ ಜಾಲರಿಯಲ್ಲಾಗಲಿ ನಾರುಬಟ್ಟೆಯಲ್ಲಾಗಲಿ ಸೋಸಬೇಕು. ಅನಂತರ ಬಿಸಿನೀರನ್ನೋ ತಣ್ಣೀರನ್ನೋ ಬೆರೆಸಿ, ಹೂಜಿಗೆ ತುಂಬಿ, ಒರಗಿ ಕುಳಿತ ಅತಿಥಿಗಳ ಬಟ್ಟಲಿಗೆ ಎರೆಯಬೇಕು. ಬ್ರಹ್ಮಪುರಿಯ ಹೂಜಿಯಂಥ ಪಾತ್ರೆಗಳ ಸ್ಥಾನ ಈ ಸರಣಿಯ ಕೊನೆಯ ಹಂತದಲ್ಲಿದೆ. ಅದರೊಳಗೆ ಬರುವ ಹೊತ್ತಿಗೆ ಮದ್ಯ ತನ್ನ ಗಸಿಯನ್ನು ಹಿಂದೆ ಬಿಟ್ಟಿರುತ್ತಿತ್ತು.

ತಿಳಿಗೊಳಿಸುವ ಬಗೆಯಲ್ಲಿ ರೋಮನರಲ್ಲಿಯೇ ಭಿನ್ನಾಭಿಪ್ರಾಯಗಳಿದ್ದವು. ನಾರುಬಟ್ಟೆಯಲ್ಲಿ ಸೋಸಿದರೆ ಮದ್ಯದ ಸಹಜ ರುಚಿ ಕೆಡುತ್ತದೆ, ತಿಳಿಯಾದ ಆಕಾಶದ ಕೆಳಗೆ ಒಂದು ರಾತ್ರಿ ಇಟ್ಟರೆ ಅದು ತಾನಾಗಿಯೇ ಹದಗೊಳ್ಳುತ್ತದೆ ಎಂಬ ವಾದವನ್ನು ಹೊರೇಸನು ತನ್ನ ವಿಡಂಬನ ಕಾವ್ಯದಲ್ಲಿ ಊಟದ ಪಂಡಿತನೊಬ್ಬನ ಬಾಯಲ್ಲಿ ಆಡಿಸುತ್ತಾನೆ. ಪಾರಿವಾಳದ ಮೊಟ್ಟೆಯ ಹಳದಿ ಭಾಗವನ್ನು ಹಾಕಿದರೆ ಅದು ಗಸಿಯನ್ನೆಲ್ಲ ಕೂಡಿಸಿಕೊಂಡು ತಳಕ್ಕಿಳಿಯುತ್ತದೆ ಎಂಬ ಉಪಾಯವೂ ಅಲ್ಲಿಯೇ ಬರುತ್ತದೆ. ಮುಂದಿನ ಶತಮಾನದಲ್ಲಿ ಅತಿಥಿ ಸತ್ಕಾರದ ಆಡಂಬರವನ್ನು ಗೇಲಿ ಮಾಡಿದವನು ಪೆಟ್ರೋನಿಯಸ್. ಅವನ ಕೃತಿಯಲ್ಲಿ ಟ್ರಿಮಾಲ್ಕಿಯೊ ಎಂಬ ಹೊಸ ಸಿರಿವಂತ, ಗಾರೆಯಿಂದ ಮುಚ್ಚಿದ ಗಾಜಿನ ಕೊಡಗಳನ್ನು ತರಿಸುತ್ತಾನೆ. ಅವುಗಳ ಕೊರಳಿಗೆ ನೂರು ವರ್ಷದ ಒಪಿಮಿಯನ್ ಮದ್ಯ ಎಂಬ ಚೀಟಿ ಕಟ್ಟಿರುತ್ತದೆ. ಅತಿಥಿಗಳು ಚೀಟಿಯನ್ನು ಓದುವಾಗ ಯಜಮಾನನು, ಮನುಷ್ಯನಿಗಿಂತ ಮದ್ಯಕ್ಕೇ ಆಯುಷ್ಯ ಹೆಚ್ಚು ಎಂದು ನಿಟ್ಟುಸಿರು ಬಿಡುತ್ತಾನೆ. ಒಳಗಿನ ವಸ್ತುವನ್ನು ಪರೀಕ್ಷಿಸದೆ ಹೊರಗಿನ ಚೀಟಿಯನ್ನು ನಂಬುವವರನ್ನು ಕುರಿತ ಈ ಪರಿಹಾಸ್ಯ ಚರಿತ್ರೆಕಾರನಿಗೂ ಅನ್ವಯಿಸುತ್ತದೆ.

ಇಂಥ ಹೂಜಿ ಪಂಚಗಂಗೆಯ ದಂಡೆಗೆ ಬಂದುದು ಆಕಸ್ಮಿಕವಲ್ಲ. ಕ್ರಿ.ಶ. ಒಂದನೆಯ ಶತಮಾನದ ಗ್ರೀಕ್ ನಾವಿಕನೊಬ್ಬ ಬರೆದ ಎರಿಥ್ರಿಯನ್ ಕಡಲಿನ ಪೆರಿಪ್ಲಸ್ ಎಂಬ ಕೈಪಿಡಿಯಲ್ಲಿ, ಬರಿಗಾಜಾ ಅಂದರೆ ಭರೂಚ ಬಂದರಿನ ಆಮದುಗಳ ಪಟ್ಟಿ ಇದೆ. ಅದರಲ್ಲಿ ದ್ರಾಕ್ಷಾಮದ್ಯಕ್ಕೆ ಮುಖ್ಯ ಸ್ಥಾನ. ಇಟಲಿಯದಕ್ಕೆ ಮೊದಲ ಆದ್ಯತೆ. ಜೊತೆಗೆ ಲವೊಡಿಸಿಯಾ ಮತ್ತು ಅರೇಬಿಯಾದ ಮದ್ಯಗಳೂ ಬರುತ್ತಿದ್ದವು. ಅಲ್ಲಿನ ಅರಸನಿಗೆ ಬೆಳ್ಳಿಯ ಸಾಮಾನು, ಗಾಯಕರು, ಉತ್ತಮ ಬಟ್ಟೆ, ಉತ್ತಮ ಮದ್ಯ ಇವುಗಳನ್ನು ಪ್ರತ್ಯೇಕವಾಗಿ ತರುತ್ತಿದ್ದರೆಂದೂ ಅದು ಹೇಳುತ್ತದೆ. ಅದೇ ಕೈಪಿಡಿ ಪೈಠಣ ಮತ್ತು ತಗರಗಳ ಒಳನಾಡಿನ ವ್ಯಾಪಾರವನ್ನೂ ಕೊಂಕಣ ತೀರದ ಚೌಲ ಮೊದಲಾದ ರೇವುಗಳನ್ನೂ ಹೆಸರಿಸುತ್ತದೆ. ದಖ್ಖನಿನ ನೇವಾಸೆ, ಜುನ್ನರಗಳಲ್ಲಿಯೂ ಮುಂಬಯಿ ಬಳಿಯ ಘಾರಾಪುರಿ ದ್ವೀಪದಲ್ಲಿಯೂ ಆಂಫೊರಾದ ಚೂರುಗಳು ದೊರೆತಿವೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯ ದೊರೆತುದು, ಬೆಂಗಳೂರಿನ ಯಶವಂತಪುರದಲ್ಲಿ ಅಂಥ ನಾಣ್ಯಗಳ ನಿಧಿಯೇ ಸಿಕ್ಕಿದುದು ಇದೇ ಚಿತ್ರದ ಭಾಗಗಳು. ಬ್ರಹ್ಮಪುರಿಗೆ ಇನ್ನೊಂದು ವಿಶೇಷವಿದೆ. 1877ರಲ್ಲಿ ಅಲ್ಲಿ ದೊರೆತ ನಾಣ್ಯಗಳಲ್ಲಿ ವಿಳಿವಾಯಕುರ, ಶಿವಲಕುರ ಎಂಬ ಕುರ ಅರಸರ ಹೆಸರುಗಳಿವೆ. ಎರಡನೆಯ ಶತಮಾನದ ಭೂಗೋಳಜ್ಞ ಟಾಲೆಮಿ ಬಲಿಯೊಕೂರೊಸ್ ಎಂದು ಕರೆದ ಅರಸನನ್ನು ವಿದ್ವಾಂಸರು ಈ ವಿಳಿವಾಯಕುರನೊಡನೆ ಸಮೀಕರಿಸಿದ್ದಾರೆ. ಅಂದರೆ ಘಟ್ಟದ ಮೇಲಿನ ಈ ಊರಿನ ಅರಸನ ಹೆಸರು, ಉಚ್ಚಾರ ಕೆಟ್ಟರೂ, ಈಜಿಪ್ಟಿನ ಅಲೆಕ್ಸಾಂಡ್ರಿಯಾದವರೆಗೆ ತಲುಪಿತ್ತು.

ಹಾಗಾದರೆ ಬ್ರಹ್ಮಪುರಿಯ ಯಾವುದೋ ಸಿರಿವಂತನ ಮನೆಯಲ್ಲಿ, ಇಟಲಿಯ ಹಳೆಯ ಮದ್ಯವನ್ನು ಈ ಹೂಜಿಗೆ ಬಸಿದು ಅತಿಥಿಗಳಿಗೆ ಬಡಿಸಿದರೇ? ಹೌದೆಂದು ಹೇಳುವ ಆಸೆ ಸಹಜ. ಆದರೆ ಆಧಾರ ಅಷ್ಟು ದೂರ ಹೋಗುವುದಿಲ್ಲ. ವಿದೇಶದ ಪಾತ್ರೆಯನ್ನು ಕೊಂಡವರು ವಿದೇಶದ ನಡವಳಿಕೆಯನ್ನೂ ಕೊಂಡಿರಬೇಕೆಂಬ ನಿಯಮವಿಲ್ಲ. ಅಂದದ ಹೂಜಿ ದೇವರ ಮುಂದೆ ನೀರಿಡಲು ಬಳಕೆಯಾಗಿರಬಹುದು; ವರ್ತಕನ ಮನೆಯಲ್ಲಿ ಅಲಂಕಾರಕ್ಕೆ ಇದ್ದಿರಬಹುದು; ಕಂಚುಗಾರನ ಅಂಗಡಿಯಲ್ಲಿ ಮಾದರಿಯಾಗಿಯೋ ಕರಗಿಸಬೇಕಾದ ಹಳೆಯ ಲೋಹವಾಗಿಯೋ ಕಾದಿದ್ದಿರಬಹುದು. ಸ್ಥಳೀಯ ಕಂಚಿನ ಸಾಮಾನುಗಳೊಡನೆ ಅದು ಒಂದೇ ಕಡೆ ಸಿಕ್ಕಿದುದರಿಂದ ಈ ಎಲ್ಲ ಸಾಧ್ಯತೆಗಳಿಗೂ ಎಡೆಯಿದೆ. ಖಚಿತವಾಗಿ ಹೇಳಬಹುದಾದುದು ಇಷ್ಟು: ಮದ್ಯವನ್ನು ತಿಳಿಯಾಗಿ ಬಡಿಸುವ ಕಲೆಯ ಒಂದು ಉಪಕರಣ, ಆ ಕಲೆ ತನ್ನ ತಾಯ್ನಾಡಿನಲ್ಲಿ ಉತ್ಕರ್ಷದಲ್ಲಿದ್ದಾಗಲೇ, ಸಾವಿರಾರು ಮೈಲಿ ದಾಟಿ ಪಂಚಗಂಗೆಯ ದಂಡೆಗೆ ಬಂದಿತು, ಅದರ ಬೆಲೆಯನ್ನು ಬಲ್ಲವರೊಬ್ಬರು ಅದನ್ನು ಜೋಪಾನ ಮಾಡಿದರು.

ಹೂಜಿ ಹೊಸದಾದರೂ ತಿಳಿಗೊಳಿಸುವ ವಿದ್ಯೆ ಈ ನೆಲಕ್ಕೆ ಹೊಸದಾಗಿರಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರ ಎಣಿಸುವ ಮದ್ಯಗಳಲ್ಲಿ ಒಂದರ ಹೆಸರೇ ಪ್ರಸನ್ನಾ, ಅಂದರೆ ತಿಳಿಯಾದುದು. ದ್ರಾಕ್ಷಾರಸದ ಮದ್ಯಕ್ಕೆ ಅಲ್ಲಿ ಮಧು ಎಂಬ ಹೆಸರಿದೆ. ಕಾಪಿಶಾಯನ, ಹಾರಹೂರಕ ಎಂದು ಬಂದ ಊರಿನ ಮೇಲೆ ಅದನ್ನು ವಿಂಗಡಿಸುವ ರೂಢಿಯೂ ಇತ್ತು. ಕಲಕಿದ ನೀರನ್ನು ಕತಕದ ಬೀಜದಿಂದ ತಿಳಿಗೊಳಿಸುವುದು ಎಷ್ಟು ಸಾಮಾನ್ಯವಾಗಿತ್ತೆಂದರೆ, ಕತಕದ ಹೆಸರನ್ನು ಉಚ್ಚರಿಸಿದ ಮಾತ್ರಕ್ಕೆ ನೀರು ತಿಳಿಯಾಗದು ಎಂಬ ದೃಷ್ಟಾಂತವನ್ನು ಮನುಸ್ಮೃತಿ ಬಳಸಿಕೊಂಡಿದೆ. 941ರ ಪಂಪನ ವಿಕ್ರಮಾರ್ಜುನವಿಜಯದ ನಾಲ್ಕನೆಯ ಆಶ್ವಾಸದಲ್ಲಿ ಪಾನಗೋಷ್ಠಿಯ ಸೊಗಸಾದ ಚಿತ್ರವಿದೆ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅರಸನ ಕ್ರೀಡೆಗಳ ನಡುವೆ ಮದಿರಾಪಾನ ಕ್ರೀಡೆಗೂ ಒಂದು ಪ್ರಕರಣ ಮೀಸಲಾಗಿದೆ. ಕರಹಾಟದ ಶಿಲಾಹಾರ ರಾಜಪುತ್ರಿ ಚಂದಲದೇವಿ ಆ ಸೋಮೇಶ್ವರನ ತಂದೆಯಾದ ಆರನೆಯ ವಿಕ್ರಮಾದಿತ್ಯನ ರಾಣಿ. ಕೊಲ್ಹಾಪುರವನ್ನು ಆಳಿದವರು ಅದೇ ಶಿಲಾಹಾರ ಮನೆತನದವರು. ಕೊಲ್ಹಾಪುರದ ಬಳಿಯ ಹೇರ್ಲೆ, ಕಾಗಲದ ಬಳಿಯ ಹೊನ್ನೂರು ಮೊದಲಾದೆಡೆ ಅವರ ಕಾಲದ ಕನ್ನಡ ಶಾಸನಗಳಿವೆ.

ಆದರೆ ಅದೇ ಆಸ್ಥಾನದ ಪರಿಸರದಲ್ಲಿ ಮದ್ಯದ ವಿರುದ್ಧದ ದನಿಯೂ ಅಷ್ಟೇ ಗಟ್ಟಿಯಾಗಿತ್ತು. ಶಿಲಾಹಾರ ವಿಜಯಾದಿತ್ಯನ ಮಂತ್ರಿ ಲಕ್ಷ್ಮನ ಆಶ್ರಯದಲ್ಲಿದ್ದ ಕರ್ಣಪಾರ್ಯನು ಕನ್ನಡದಲ್ಲಿ ನೇಮಿನಾಥಪುರಾಣವನ್ನು ಬರೆದನು. ನೇಮಿನಾಥನ ಕಾಲದ ದ್ವಾರಾವತಿ ಸುಟ್ಟು ಹೋಗಲು ಯಾದವ ಕುಮಾರರು ಕುಡಿದು ಮೈಮರೆತುದೇ ಕಾರಣವೆಂಬುದು ಜೈನ ಪರಂಪರೆಯ ಕಥೆ. ಜೈನ ಬಸದಿಗಳ, ಮುಂದೆ ಶರಣರ ಮಠಗಳ ಪ್ರಭಾವ ಹರಡಿದ ಈ ಸೀಮೆಯಲ್ಲಿ ಮದ್ಯ ಸತ್ಕಾರದ ಸಾಧನವಾಗಿ ಉಳಿಯಲಿಲ್ಲ. ಮನೆಗೆ ಬಂದವರ ಮುಂದೆ ತಂಬಿಗೆಯ ನೀರು, ಒಂದು ಚೂರು ಬೆಲ್ಲ ಇಡುವುದು ಇಲ್ಲಿನ ಮರ್ಯಾದೆಯಾಯಿತು. ಗಡಹಿಂಗ್ಲಜದ ಹಿರಣ್ಯಕೇಶಿ ದಂಡೆಯಲ್ಲಾಗಲಿ ಇಚಲಕರಂಜಿಯ ಪಂಚಗಂಗೆಯ ದಂಡೆಯಲ್ಲಾಗಲಿ, ಮನೆಮಾತು ಕನ್ನಡವಿರಲಿ ಮರಾಠಿಯಿರಲಿ, ಈ ಮರ್ಯಾದೆ ಒಂದೇ.

ಗಮನಾರ್ಹ ಸಂಗತಿಯೆಂದರೆ, ಮದ್ಯದಿಂದ ದೂರ ಸರಿದರೂ ತಿಳಿಗೊಳಿಸುವ ವಿದ್ಯೆ ಕಳೆದುಹೋಗಲಿಲ್ಲ. ಅದು ಆಲೆಮನೆಗೆ ಬಂದು ನೆಲೆಸಿತು. ಕಬ್ಬಿನ ಹಾಲನ್ನು ಕೊಪ್ಪರಿಗೆಗೆ ಸೋಸಿ ಹಾಕಿ ಕುದಿಸುವಾಗ, ಬೆಂಡೆಗಿಡದ ಕಾಂಡವನ್ನು ಜಜ್ಜಿ ನೀರಿನಲ್ಲಿ ನೆನೆಸಿ ತೆಗೆದ ಲೋಳೆಯನ್ನು ಬೆರೆಸುತ್ತಾರೆ. ಆ ಲೋಳೆ ಹಾಲಿನಲ್ಲಿಯ ಕಶ್ಮಲವನ್ನೆಲ್ಲ ಸೆಳೆದುಕೊಂಡು ನೊರೆಯಾಗಿ ಮೇಲೇಳುತ್ತದೆ. ಅದನ್ನು ತೂತುಗಳುಳ್ಳ ಸೌಟಿನಿಂದ ತೆಗೆದು ಹಾಕುತ್ತಾರೆ. ಹೊರೇಸನ ಪಂಡಿತ ಪಾರಿವಾಳದ ಮೊಟ್ಟೆಯಿಂದ ಮಾಡಿಸಿದ ಕೆಲಸವನ್ನು ಇಲ್ಲಿ ಬೆಂಡೆಯ ಲೋಳೆ ಮಾಡುತ್ತದೆ. ಅಲ್ಲಿ ಗಸಿ ತಳಕ್ಕಿಳಿಯುತ್ತದೆ, ಇಲ್ಲಿ ಮೇಲೇಳುತ್ತದೆ; ತತ್ತ್ವ ಒಂದೇ. 1895ರಲ್ಲಿ ಶಾಹೂ ಮಹಾರಾಜರು ಸ್ಥಾಪಿಸಿದ ಶಾಹುಪುರಿ ಪೇಟೆಯಿಂದ ಹೊರಟು ಹೆಸರಾದ, 2014ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಕೊಲ್ಹಾಪುರದ ಬೆಲ್ಲದ ಹೊನ್ನಿನ ಬಣ್ಣಕ್ಕೆ ಈ ತಿಳಿಗಾರಿಕೆಯೂ ಒಂದು ಕಾರಣ.

ಹಳೆಯ ದ್ರಾಕ್ಷಾಮದ್ಯವನ್ನು ಅತಿಥಿಗಳ ಮುಂದೆ ಬಸಿಯುವ ಕಲೆ ಪಶ್ಚಿಮದಲ್ಲಿ ಎರಡನೆಯ ಬಾರಿ ಉತ್ಕರ್ಷಕ್ಕೆ ಬಂದುದು ಪೋರ್ಚುಗಲ್ಲಿನ ಪೋರ್ಟ್ ಮದ್ಯದಿಂದ. ಡೌರೊ ಕಣಿವೆಯ ದ್ರಾಕ್ಷಾರಸ ಹುಳಿಯುತ್ತಿರುವಾಗಲೇ ಅದಕ್ಕೆ ದ್ರಾಕ್ಷಿಯ ಸಾರಾಯಿಯನ್ನು ಬೆರೆಸಿ ಹುಳಿಯುವಿಕೆಯನ್ನು ನಿಲ್ಲಿಸುತ್ತಾರೆ. ಸಿಹಿ ಉಳಿಯುತ್ತದೆ, ಕಸುವು ಹೆಚ್ಚುತ್ತದೆ. 1756ರಲ್ಲಿ ಪೊಂಬಾಲನ ಆಡಳಿತ ಈ ಸೀಮೆಯ ಗಡಿಯನ್ನು ಕಾನೂನಿನಿಂದ ಗೊತ್ತುಪಡಿಸಿತು. ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಗುಂಡನೆಯ ಸೀಸೆ ಉದ್ದನೆಯ ಕೊಳವೆಯಾಕಾರಕ್ಕೆ ತಿರುಗಿತು. ಸೀಸೆಯನ್ನು ಮಲಗಿಸಿಡುವುದು ಸಾಧ್ಯವಾದಾಗ, ಬಿರಡೆ ಒಣಗದೆ ಮದ್ಯ ದಶಕಗಟ್ಟಲೆ ಮಾಗುವುದೂ ಸಾಧ್ಯವಾಯಿತು. ಉತ್ತಮ ವರ್ಷವೊಂದರ ಬೆಳೆಯಿಂದ ಮಾಡಿ, ಸುಮಾರು ಎರಡು ವರ್ಷ ಪೀಪಾಯಿಯಲ್ಲಿಟ್ಟು, ಸೋಸದೆಯೇ ಸೀಸೆಗೆ ತುಂಬಿದ ಮದ್ಯವೇ ವಿಂಟೇಜ್ ಪೋರ್ಟ್. ಅದರ ಗಸಿ ಸೀಸೆಯ ಒಂದು ಮಗ್ಗುಲಿಗೆ ಹಕ್ಕಳೆಯಂತೆ ಕಟ್ಟುತ್ತದೆ. ಯಾವ ಮಗ್ಗುಲು ಮೇಲಿತ್ತೆಂಬುದು ಮರೆಯದಿರಲು ಸೀಸೆಯ ಮೇಲೆ ಸುಣ್ಣದ ಗುರುತು ಹಾಕುವ ವಾಡಿಕೆಯಿತ್ತು.

ಅದನ್ನು ತೆರೆಯುವ ಕ್ರಮದಲ್ಲಿ ರೋಮನರ ಕ್ರಮವೇ ಮತ್ತೆ ಕಾಣುತ್ತದೆ. ಅತಿಥಿಗಳು ಬರುವುದಕ್ಕೆ ಒಂದೆರಡು ದಿನ ಮೊದಲೇ ಸೀಸೆಯನ್ನು ನೆಟ್ಟಗೆ ನಿಲ್ಲಿಸಿ ಗಸಿಯನ್ನು ತಳಕ್ಕಿಳಿಸುತ್ತಾರೆ. ಹಲವು ದಶಕ ನೆನೆದ ಬಿರಡೆ ಪುಡಿಯಾಗುವ ಭಯವಿರುವುದರಿಂದ ಕೆಲವರು ಅದನ್ನು ಮುಟ್ಟುವುದೇ ಇಲ್ಲ. ಕೆಂಪಗೆ ಕಾಯಿಸಿದ ಇಕ್ಕುಳದಿಂದ ಸೀಸೆಯ ಕೊರಳನ್ನು ಹಿಡಿದು, ಬಳಿಕ ಒದ್ದೆ ಬಟ್ಟೆಯನ್ನು ಒತ್ತಿದರೆ ಗಾಜು ಬಿರಿದು, ಕೊರಳು ಬಿರಡೆಯೊಡನೆ ಕಳಚಿ ಬರುತ್ತದೆ. ಅನಂತರ ಸೀಸೆಯ ಹೆಗಲಿನ ಹಿಂದೆ ಮೇಣದ ಬತ್ತಿಯನ್ನಿಟ್ಟು, ಒಂದೇ ಧಾರೆಯಾಗಿ, ನಡುವೆ ನಿಲ್ಲಿಸದೆ, ಗಾಜಿನ ಹೂಜಿಗೆ ಬಸಿಯುತ್ತಾರೆ. ನಡುವೆ ನಿಲ್ಲಿಸಿ ಸೀಸೆಯನ್ನು ನೆಟ್ಟಗೆ ಮಾಡಿದರೆ ಮದ್ಯ ಹಿಂದಕ್ಕೆ ಹೊರಳಿ ಗಸಿಯೆಲ್ಲ ಕಲಕಿ ಏಳುತ್ತದೆ. ಬತ್ತಿಯ ಬೆಳಕಿನಲ್ಲಿ ಗಸಿಯ ಮೊದಲ ಎಳೆ ಹೆಗಲಿಗೆ ಬಂದುದು ಕಂಡೊಡನೆ ಕೈ ನಿಲ್ಲಬೇಕು. ಕೊನೆಯ ಒಂದು ಬಟ್ಟಲಿನಷ್ಟು ಮದ್ಯವನ್ನು ಸೀಸೆಯಲ್ಲಿಯೇ ಬಿಡಬೇಕು. ಅದನ್ನೂ ಪಡೆಯಬೇಕೆಂಬ ಆಸೆಯಿಂದ ಮತ್ತಷ್ಟು ಬಗ್ಗಿಸಿದವನು ಅಷ್ಟು ಹೊತ್ತು ಬಸಿದುದನ್ನೆಲ್ಲ ಕೆಡಿಸುತ್ತಾನೆ.

ಪೋರ್ಚುಗೀಸರು 1510ರಿಂದ 1961ರವರೆಗೆ ಆಳಿದ ಗೋವೆ ಕೊಲ್ಹಾಪುರದ ಘಟ್ಟದ ಕೆಳಗಿನ ನೆರೆಯ ಸೀಮೆ. ಬ್ರಿಟಿಷ್ ದಂಡಿನ ಊಟದ ಮನೆಗಳಲ್ಲಿ ಊಟದ ಕೊನೆಗೆ ಪೋರ್ಟಿನ ಹೂಜಿಯನ್ನು ಎಡಗಡೆಗೆ ಸಾಗಿಸುತ್ತ ಅರಸನ ಕ್ಷೇಮ ಕೋರುವುದು ಒಂದು ವಿಧಿಯೇ ಆಗಿತ್ತು. ಬೆಳಗಾವಿಯಲ್ಲಿ ಅಂಥ ದಂಡುಪ್ರದೇಶವಿತ್ತು, ಕೊಲ್ಹಾಪುರದಲ್ಲಿ ರೆಸಿಡೆನ್ಸಿಯಿತ್ತು. ಹೀಗೆ ಎರಡು ಸಾವಿರ ವರ್ಷಗಳ ಅಂತರದಲ್ಲಿ ಪಶ್ಚಿಮದ ಮದ್ಯದ ಹೂಜಿ ಎರಡು ಬಾರಿ ಈ ಸೀಮೆಗೆ ಬಂದಿತು. ಮೊದಲ ಬಾರಿ ವ್ಯಾಪಾರದೊಡನೆ, ಎರಡನೆಯ ಬಾರಿ ಅಧಿಕಾರದೊಡನೆ. ಎರಡೂ ಬಾರಿ ಜನಸಾಮಾನ್ಯರ ಅತಿಥಿ ಸತ್ಕಾರವನ್ನು ಅದು ಬದಲಿಸಲಿಲ್ಲ. ಬ್ರಹ್ಮಪುರಿಯ ವಸ್ತುಗಳಿಗಾಗಿ 1946ರಲ್ಲಿ ಕೊಲ್ಹಾಪುರದ ವಸ್ತುಸಂಗ್ರಹಾಲಯ ತೆರೆಯಿತು. ಮೂರು ವರ್ಷಗಳ ಬಳಿಕ, 1949ರ ಮಾರ್ಚ್ 1ರಂದು ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅದೇ ವರ್ಷ ಮುಂಬಯಿ ಪಾನನಿರೋಧ ಕಾಯಿದೆಯೂ ಬಂದಿತು. ಮದ್ಯ ಬಡಿಸಲೆಂದು ಹುಟ್ಟಿದ ಹೂಜಿಗೆ ಪಾನನಿರೋಧದ ರಾಜ್ಯದಲ್ಲಿ ಗೌರವದ ಸ್ಥಾನ ದೊರೆಯಿತು. ವಸ್ತುವಿನ ಮೂಲ ಬಳಕೆಯೇ ಬೇರೆ, ಚರಿತ್ರೆಯಲ್ಲಿ ಅದಕ್ಕೆ ಸಲ್ಲುವ ಬೆಲೆಯೇ ಬೇರೆ ಎಂಬುದನ್ನು ಜನ ಯಾರೂ ಹೇಳಿಕೊಡದೆಯೇ ಅರಿತಿದ್ದರು.

ಕನ್ನಡದಲ್ಲಿ ತಿಳಿ ಎಂಬ ಮಾತಿಗೆ ಎರಡು ಅರ್ಥಗಳಿವೆ. ಗಸಿ ಇಳಿದ ಮೇಲೆ ಉಳಿಯುವ ಶುದ್ಧ ದ್ರವ ಒಂದು, ಅರಿಯುವುದು ಇನ್ನೊಂದು. ಕುಂದಣಗಾರರ ನಿಧಿಯ ಬಳಿಕ ನಡೆದುದು ಇವೆರಡರ ಕೂಟ. 1945-46ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಹೆಚ್.ಡಿ. ಸಾಂಕಲಿಯಾ ಮತ್ತು ಎಂ.ಜಿ. ದೀಕ್ಷಿತ ಅವರು ಬ್ರಹ್ಮಪುರಿಯಲ್ಲಿ ಕ್ರಮಬದ್ಧ ಉತ್ಖನನ ನಡೆಸಿ, 1952ರಲ್ಲಿ ಅದರ ವರದಿಯನ್ನು ಪ್ರಕಟಿಸಿದರು. ಶಾತವಾಹನರ ಕಾಲದ ವಸತಿ ಯಾವುದು, ಬಹುಮನಿ ಕಾಲದ್ದು ಯಾವುದು ಎಂಬುದು ಪದರ ಪದರವಾಗಿ ಬೇರ್ಪಟ್ಟಿತು. 1960ರಲ್ಲಿ ಕಾರ್ಲ್ ಖಂಡಾಲಾವಾಲಾ ಅವರು ನಿಧಿಯ ಲೋಹವಸ್ತುಗಳನ್ನು ಮತ್ತೆ ಪರಿಶೀಲಿಸಿದರು. 1991ರಲ್ಲಿ ರಿಚರ್ಡ್ ಡಿ ಪ್ಯೂಮಾ ಅವರು ರೋಮನ್ ಕಂಚುಗಳನ್ನು ಪ್ರತ್ಯೇಕಿಸಿ ವಿವರಿಸಿದರು. ಒಬ್ಬ ಕನ್ನಡ ಪ್ರಾಧ್ಯಾಪಕ ತೆರೆದ ನಿಧಿಯನ್ನು ಗುಜರಾತಿ, ಮರಾಠಿ, ಪಾರಸಿ, ಅಮೆರಿಕನ್ ವಿದ್ವಾಂಸರು ಅರ್ಧ ಶತಮಾನ ಸೇರಿ ತಿಳಿಗೊಳಿಸಿದರು.

ಗಡಿಸೀಮೆಯ ಚರಿತ್ರೆಯನ್ನು ಕುರಿತು ಬರೆಯುವವರಿಗೆ ಇದರಲ್ಲಿ ಒಂದು ಪಾಠವಿದೆ. ಕೊಲ್ಹಾಪುರದ ಹಿಂದಿನ ಕಾಲ ಕನ್ನಡದ್ದೋ ಮರಾಠಿಯದೋ ಎಂಬ ವಾದದಲ್ಲಿ ಎರಡು ಕಡೆಯವರೂ ಅದನ್ನು ಅವಸರದಿಂದ ತಮ್ಮ ತಮ್ಮ ಬಟ್ಟಲಿಗೆ ಸುರಿದುಕೊಳ್ಳಲು ಹವಣಿಸಿದ್ದುಂಟು. ಶಿಲಾಹಾರರ ಕನ್ನಡ ಶಾಸನಗಳನ್ನು ಒಂದು ಅಕ್ಷರವನ್ನೂ ಬಿಟ್ಟುಕೊಡದೆ ಓದಿದ ಕುಂದಣಗಾರರೇ, ಅದೇ ಊರಿನ ಮಣ್ಣಿನಲ್ಲಿ ಯಾವ ಬಟ್ಟಲಿಗೂ ಒಗ್ಗದ ಇಟಲಿಯ ಹೂಜಿಯನ್ನು ಕಂಡಾಗ ಅದನ್ನೂ ಅಷ್ಟೇ ಜತನದಿಂದ ಎತ್ತಿಟ್ಟರು. ಹಳೆಯದು ಎಷ್ಟು ಬೆಲೆಯುಳ್ಳದ್ದೋ ಅಷ್ಟು ಗಸಿಯನ್ನೂ ಹೊತ್ತಿರುತ್ತದೆ. ಅದನ್ನು ನಿಲ್ಲಿಸಿ, ಕಾದು, ಬೆಳಕಿಗೆ ಹಿಡಿದು, ಒಂದೇ ಧಾರೆಯಾಗಿ ಬಸಿಯಬೇಕು. ಗಸಿ ಕಂಡ ಕ್ಷಣ ಕೈ ತಡೆಯಬೇಕು. ಕೊಲ್ಹಾಪುರದ ಟೌನ್ ಹಾಲ್ ವಸ್ತುಸಂಗ್ರಹಾಲಯದಲ್ಲಿರುವ ಬ್ರಹ್ಮಪುರಿಯ ಸಂಗ್ರಹವನ್ನು ನೋಡಲು ಗಡಹಿಂಗ್ಲಜ, ಇಚಲಕರಂಜಿಗಳ ಶಾಲಾಮಕ್ಕಳನ್ನು ಕರೆದೊಯ್ಯುವ ಗುರುಗಳು ಪೊಸೈಡಾನನನ್ನು ತೋರಿಸಿದ ಮೇಲೆ ಹೂಜಿಯ ಮುಂದೆಯೂ ಒಂದು ಗಳಿಗೆ ನಿಲ್ಲುವುದು ಒಳ್ಳೆಯದು. ತಮ್ಮ ಊರಿನ ಮಣ್ಣಿಗೆ ಕಡಲಾಚೆಯ ಜಗತ್ತಿನ ಪರಿಚಯ ಎಷ್ಟು ಹಳೆಯದೆಂಬುದನ್ನು ಮಕ್ಕಳು ಅಲ್ಲಿ ಕಣ್ಣಾರೆ ಕಾಣಬಲ್ಲರು.